ಗೇರ್‌ಬಾಕ್ಸ್ ಇಳಿಸದೆ ಕಾಯಿಲೆ ಹಿಡಿದದ್ದು

‘ಮೊಬೈಲ್ ನೋಡ್ಕೊಂಡು ಗೇರ್‌ಬಾಕ್ಸ್ ರಿಪೇರಿ ಮಾಡ್ತಾನಂತೆ, ನಾಳೆ ಜಾತಕ ನೋಡಿ ಇಂಜಿನ್ ಇಳಿಸ್ತಾನೆ’ ಅಂತ ಹಾಸನದ ನಮ್ಮ ಗ್ಯಾರೇಜ್ ಸಾಲಿನಲ್ಲಿ ಎರಡು ವರ್ಷ ನನ್ನನ್ನು ಆಡಿಕೊಂಡಿದ್ದಾರೆ. ಆಡಿಕೊಂಡವರಲ್ಲಿ ಇಬ್ಬರು ಈಗ ತಮ್ಮ ಹತ್ತಿರ ಬಂದ ಆಟೋಮ್ಯಾಟಿಕ್ ಗಾಡಿಗಳನ್ನು ನನ್ನ ಶೆಡ್ಡಿಗೇ ಕಳಿಸುತ್ತಾರೆ. ಅದಕ್ಕೇ, ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಇಳಿಸದೆ, ಗಾಡಿಯ ಕಂಪ್ಯೂಟರ್ ಕೊಡುವ ನಂಬರುಗಳನ್ನು ಮೊಬೈಲಲ್ಲಿ ನೋಡಿ ಕಾಯಿಲೆ ಹಿಡಿಯುವ ನನ್ನ ರೀತಿಯನ್ನು ಬರೆಯೋಣ ಅನ್ನಿಸಿತು. ಕೆಲಸ ಗೊತ್ತಿದ್ದವರಿಗೆ ಬರೆಯುತ್ತಿರುವುದು. ಪ್ಲಾನೆಟರಿ ಅಂದರೇನು, ವಾಲ್ವ್ ಬಾಡಿ ಎಲ್ಲಿರುತ್ತೆ ಅಂತೆಲ್ಲ ಹೇಳೋಕೆ ಹೋಗಲ್ಲ.

ಮೊದಲು ಕೈ ಸುಟ್ಟುಕೊಂಡ ಕತೆ. 2018 ಇರಬೇಕು, ನಾಲ್ಕು ಗೇರಿನ ಹಳೆಯ ಸೆಡಾನ್ ಒಂದು ಮೂರನೇ ಗೇರಲ್ಲೇ ಸಿಕ್ಕಿಹಾಕಿಕೊಂಡು ಬಂತು. ಸ್ಕ್ಯಾನರಲ್ಲಿ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸಲು ಆಯಿಲ್ ಬಿಡುವ ಕರೆಂಟ್ ವಾಲ್ವ್) ಸರಿಯಿಲ್ಲ ಅನ್ನುವ ಕೋಡು. ಪ್ಯಾನ್ ಬಿಚ್ಚಿ ಹೊಸ ಸೊಲೆನಾಯ್ಡ್ ಹಾಕಿದೆ, ಸುಮಾರು 11,000. ಅದೇ ಕೋಡು ಮತ್ತೆ ಬಂತು. ಆಗ ತಲೆಕೆಟ್ಟು ಬಾಕ್ಸನ್ನೇ ಇಳಿಸಿದೆ. ಸೀಲ್ ಕಿಟ್, ಕ್ಲಚ್ ಪ್ಲೇಟು, ಆರು ದಿನದ ಕೆಲಸ. ಒಳಗಿನ ಪ್ಲೇಟುಗಳು ನೋಡಿದರೆ ಇನ್ನೂ ನಾಲ್ಕು ವರ್ಷ ಓಡುವ ಹಾಗಿದ್ದವು. ಆಗಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಕೂರಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಮೂರನೇ ಗೇರು. ಕೊನೆಗೆ ಬ್ಯಾಟರಿ ಟ್ರೇ ಎತ್ತಿದಾಗ ಕಂಡದ್ದು, ಇಲಿ ಕಡಿದ ಅರ್ತ್ ವೈರು. ಎರಡೋ ಮೂರೋ ಎಳೆ ಉಳಿದಿದ್ದವು, ಅದರ ತುದಿಯ ಐಲೆಟ್ ಪೂರ್ತಿ ಹಸಿರು ಹಿಡಿದಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ನಾನು ಬೆಟ್ಟ ಅಗೆದು ಮುಗಿಸಿದೆ, ಇಲಿಯೂ ಸಿಗಲಿಲ್ಲ. ಗಿರಾಕಿಯ ಹತ್ತಿರ ಸೊಲೆನಾಯ್ಡ್ ದುಡ್ಡು ಮಾತ್ರ ತಗೊಂಡೆ. ಒಟ್ಟು 38-40 ಸಾವಿರ ಕೈಬಿಟ್ಟಿತು. ಮನೆಯಲ್ಲಿ ಈಗಲೂ ಗೊತ್ತಿಲ್ಲ.

ಆವತ್ತಿಂದ ಕೋಡ್ ಏನೇ ಬರಲಿ, ಮೊದಲು ಮಲ್ಟಿಮೀಟರ್. ಗೇರ್‌ಬಾಕ್ಸ್ ಕಂಪ್ಯೂಟರಿನ ಅರ್ತ್ ಪಿನ್ನಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಇಟ್ಟು, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್ ಮಾಡಿ ನೋಡುತ್ತೇನೆ. 0.1 ವೋಲ್ಟ್ ಒಳಗಿದ್ದರೆ ಸರಿ. 0.2 ದಾಟಿದರೆ ಬೇರೆ ಏನನ್ನೂ ಮುಟ್ಟಲ್ಲ, ಮೊದಲು ವೈರು. ಕಾಫಿ ತೋಟದ ಗಾಡಿಗಳಲ್ಲಿ ಹತ್ತಕ್ಕೆ ಮೂರು ಇದರಲ್ಲೇ ಮುಗಿಯುತ್ತವೆ. ಶೆಡ್ಡಿನ ಮೂಲೆಯಲ್ಲಿ ನಿಂತ ಗಾಡಿಯ ಬಾನೆಟ್ ಒಳಗೆ ಇಲಿಗೆ ಬೆಚ್ಚಗಿರುತ್ತೆ, ವೈರಿನ ಪ್ಲಾಸ್ಟಿಕ್ಕೂ ಅದಕ್ಕೆ ರುಚಿ.

ಆಯಿಲ್ ವಿಷಯದಲ್ಲೂ ಒಂದು ಸಲ ಮುಗ್ಗರಿಸಿದ್ದೇನೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲದ, ಕೆಳಗೆ ಓವರ್‌ಫ್ಲೋ ಪ್ಲಗ್ (ತೆಗೆದರೆ ಹೆಚ್ಚಾದ ಆಯಿಲ್ ಹೊರಬರುವ ಬಿರಡೆ) ಇರುವ ಬಾಕ್ಸು. ಒಂದು ರೌಂಡ್ ಓಡಿಸಿ ತಂದು, ಆಯಿಲ್ 70 ಡಿಗ್ರಿ ದಾಟಿದ್ದಾಗ ಪ್ಲಗ್ ತೆಗೆದೆ. ಧಾರಾಳ ಸುರಿಯಿತು. ‘ಜಾಸ್ತಿ ಹಾಕ್ಬಿಟ್ಟಿದ್ದಾರೆ ಹಿಂದಿನವರು’ ಅಂತ ಹುಡುಗನಿಗೆ ಪಾಠವನ್ನೂ ಮಾಡಿದೆ. ಮಾರನೇ ಬೆಳಿಗ್ಗೆ ಗಿರಾಕಿ ಫೋನು: ರಿವರ್ಸ್ ಹಾಕಿದರೆ ನಾಲ್ಕು ಸೆಕೆಂಡ್ ಗಾಡಿ ಅಲ್ಲಾಡಲ್ಲ. ಬಿಸಿಯಾದ ಆಯಿಲ್ ಹಿಗ್ಗುತ್ತೆ, ತಣ್ಣಗಾದರೆ ಮಟ್ಟ ಇಳಿಯುತ್ತೆ ಅನ್ನೋದು ಹೈಸ್ಕೂಲ್ ಹುಡುಗನಿಗೂ ಗೊತ್ತು. ಸಾಮಾನ್ಯವಾಗಿ 35ರಿಂದ 45 ಡಿಗ್ರಿ ಒಳಗೆ, ಇಂಜಿನ್ ಓಡುತ್ತಿರುವಾಗ, ಸಣ್ಣ ಎಳೆಯ ಹಾಗೆ ತೊಟ್ಟಿಕ್ಕಬೇಕು, ಅಷ್ಟೆ. ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ.

ಆಯಿಲ್ ಬಣ್ಣ ನೋಡಿ ಭವಿಷ್ಯ ಹೇಳುವವರ ಬಗ್ಗೆ ನನಗೆ ನಂಬಿಕೆ ಕಮ್ಮಿ. ಕಪ್ಪಾದರೂ ಚೆನ್ನಾಗಿ ಓಡುವ ಬಾಕ್ಸ್ ನೋಡಿದ್ದೇನೆ. ಎರಡು ಮಾತ್ರ ನಂಬುತ್ತೇನೆ. ಒಂದು, ಸುಟ್ಟ ವಾಸನೆ. ಇನ್ನೊಂದು, ಸ್ಟ್ರಾಬೆರಿ ಮಿಲ್ಕ್‌ಶೇಕ್ ಬಣ್ಣ. ಎರಡನೆಯದು ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಬೆರೆತಿದೆ ಅಂತಲೇ ಅರ್ಥ, ಕ್ಲಚ್ ಪ್ಲೇಟಿನ ಅಂಟು ಬಿಟ್ಟುಕೊಳ್ಳೋಕೆ ಶುರುವಾಗಿರುತ್ತೆ. ಅಂಥದ್ದಕ್ಕೆ ನನ್ನ ಮೊಬೈಲ್ ವಿದ್ಯೆ ನಡೆಯಲ್ಲ, ಬಾಕ್ಸ್ ಬಿಚ್ಚಲೇಬೇಕು. ಹಾಗಂತ ನೇರವಾಗಿ ಹೇಳಿ ಕಳಿಸುತ್ತೇನೆ.

ಒಂದು ಕಾಲದಲ್ಲಿ ಟಿಶ್ಯೂ ಪೇಪರ್ ಹುಚ್ಚೂ ಹತ್ತಿತ್ತು. ಬಂದ ಗಾಡಿಗಳ ಆಯಿಲ್ ಒಂದೊಂದು ತೊಟ್ಟು ಬಿಳಿ ಪೇಪರ್ ಮೇಲೆ ಬಿಟ್ಟು, ಎಷ್ಟು ಅಗಲ ಹರಡಿತು, ನಡುವೆ ಕಪ್ಪು ಉಂಗುರ ಉಳಿಯಿತಾ ಅಂತ ತಾರೀಕು ಬರೆದು ಫೈಲ್ ಮಾಡಿದೆ. ಎಪ್ಪತ್ತು ಎಂಬತ್ತು ಪೇಪರ್ ಆದಮೇಲೆ ನೋಡಿದರೆ ಯಾವುದಕ್ಕೂ ಯಾವುದೂ ಹೊಂದಲಿಲ್ಲ. ಫೈಲು ಇನ್ನೂ ಇದೆ, ಜಿರಲೆಗೆ ಇಷ್ಟವಾಗಿದೆ.

ಸಾಮಾನಿನ ಖರ್ಚು ಹೇಳಿಬಿಡುತ್ತೇನೆ. ಮೊದಲು ತಗೊಂಡ ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಡೇಟಾವನ್ನು ಮೊಬೈಲಿಗೆ ಕಳಿಸುವ ಪ್ಲಗ್) 450 ರೂಪಾಯಿ, ಇಂಜಿನ್ ಬಿಟ್ಟು ಬೇರೇನೂ ತೋರಿಸಲಿಲ್ಲ, ದಂಡ. ಎರಡನೆಯದು 3,200, ಅದು ಗೇರ್‌ಬಾಕ್ಸ್ ಡೇಟಾ ಕೆಲವು ಗಾಡಿಯಲ್ಲಿ ಕೊಡುತ್ತೆ. ಆಮೇಲೆ ಸೆಕೆಂಡ್ ಹ್ಯಾಂಡ್ ಟ್ಯಾಬ್ ಸ್ಕ್ಯಾನರ್ 48,000, ಚೀಟಿ ಎತ್ತಿ ತಗೊಂಡದ್ದು. ಪ್ರೆಶರ್ ಗೇಜು ಹೈಡ್ರಾಲಿಕ್ ಅಂಗಡಿಯದು, 900. ಅಡಾಪ್ಟರನ್ನು ಲೇಥಲ್ಲಿ ಕಡೆಸಿದ್ದು 350. ಆಯಿಲ್ ಪ್ರೆಶರ್ ಐಡ್ಲಲ್ಲಿ ಸುಮಾರು 4 ಕೆಜಿ, ಸ್ಟಾಲಲ್ಲಿ (ಗೇರಲ್ಲಿಟ್ಟು, ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಒತ್ತಿದಾಗ) 12-13 ಬಂದರೆ ನಾನು ಪಂಪಿನ ತಂಟೆಗೆ ಹೋಗಲ್ಲ. ಗಾಡಿಯಿಂದ ಗಾಡಿಗೆ ಬೇರೆ, ನನ್ನ ನಂಬರ್ ಹಿಡಿದು ಜಗಳ ಆಡಬೇಡಿ. ಸ್ಟಾಲ್ ಟೆಸ್ಟ್ ಐದು ಸೆಕೆಂಡ್ ಮೀರಿಸಬೇಡಿ ಅಂತ ಮಾತ್ರ ಹೇಳುತ್ತೇನೆ, ಹುಡುಗರು ಮೀರಿಸುತ್ತಾರೆ.

ಈಗ ಆ ಗಾಡಿ. ದೀಪಾವಳಿ ಆದ ವಾರ ಸಕಲೇಶಪುರ ಕಡೆಯ ತೋಟದ ಗೌಡರೊಬ್ಬರು ತಂದರು. ಏಳು ಸೀಟಿನದು, 2012ರ ಮಾಡೆಲ್, ಆರು ಗೇರು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವುದು), ಒಂದು ಲಕ್ಷದ ಹತ್ತು ಸಾವಿರ ಓಡಿತ್ತು. ಘಾಟಿ ಹತ್ತುವಾಗ 50-60ರ ಸ್ಪೀಡಲ್ಲಿ ಹಲಗೆ ಸೇತುವೆ ಮೇಲೆ ಹೋದ ಹಾಗೆ ಕಡಕಡ ನಡುಗುತ್ತೆ. ಕೋಡ್ ಇಲ್ಲ. ಎರಡು ಕಡೆ ಆಯಿಲ್ ಬದಲಾಯಿಸಿದ್ದಾರೆ. ಬೆಂಗಳೂರಿನ ಒಂದು ಗ್ಯಾರೇಜಲ್ಲಿ ಕನ್ವರ್ಟರ್, ಓವರ್‌ಹಾಲ್ ಸೇರಿ 1,90,000 ಎಸ್ಟಿಮೇಟು.

ನನ್ನ ಪದ್ಧತಿ ಇಷ್ಟೇ: ಒಂದೇ ರಸ್ತೆ, ಒಂದೇ ಲೋಡು, ಪ್ರತಿ ಸಲವೂ. ಹಿಂದೆ ನಾಲ್ಕು ಮೂಟೆ ಮರಳು, ಎ.ಸಿ. ಆನ್, ಗುಂಡ್ಯಕ್ಕೆ ಇಳಿದು ಅಲ್ಲಿಂದ ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿವರೆಗೆ. ಬೆಳಗಿನ ಜಾವವೇ ಹೋಗಬೇಕು, ತಡವಾದರೆ ಟ್ಯಾಂಕರ್ ಹಿಂದೆ ಮೊದಲನೇ ಗೇರಲ್ಲೇ ಜೀವನ ಕಳೆಯುತ್ತೆ. ಪಕ್ಕದ ಸೀಟಲ್ಲಿ ಹುಡುಗ, ಕೈಯಲ್ಲಿ ನೋಟ್‌ಬುಕ್. ಕನ್ವರ್ಟರ್ ಸ್ಲಿಪ್ (ಕನ್ವರ್ಟರಿನ ಇಂಜಿನ್ ಕಡೆ ಮತ್ತು ಬಾಕ್ಸ್ ಕಡೆ ತಿರುಗುವ ಆರ್‌ಪಿಎಂ ವ್ಯತ್ಯಾಸ), ಆಯಿಲ್ ಟೆಂಪರೇಚರ್, ಗೇರ್, ವೋಲ್ಟೇಜ್, ನಾಲ್ಕನ್ನೂ ಬಿಡದೆ ಬರೆಯುತ್ತಾ ಹೋಗಬೇಕು. ಶೆಡ್ಡಲ್ಲಿ ಜಾಕಿ ಮೇಲೆ ಚಕ್ರ ತಿರುಗಿಸಿ ನೋಡಿದರೆ ಎಲ್ಲ ಗೇರ್‌ಬಾಕ್ಸೂ ಒಳ್ಳೆಯದೇ.

ಮೊದಲ ದಿನ ನಡುಕ ಬಂತು. ನಡುಗುತ್ತಿರುವಾಗಲೇ ಎಡಗಾಲಲ್ಲಿ ಬ್ರೇಕನ್ನು ಸುಮ್ಮನೆ ತಾಗಿಸಿದೆ, ಬ್ರೇಕ್ ಹಿಡಿಯಬಾರದು, ಲೈಟ್ ಮಾತ್ರ ಹತ್ತಬೇಕು. ನಡುಕ ಮಾಯ. ಎಲ್ಲರಿಗೂ ಗೊತ್ತಿರುವ ಟೆಸ್ಟು: ಬ್ರೇಕ್ ತಾಗಿದರೆ ಕಂಪ್ಯೂಟರ್ ಲಾಕಪ್ (ಕನ್ವರ್ಟರಿನ ಎರಡೂ ಕಡೆಯನ್ನು ಒಂದಾಗಿ ಹಿಡಿಯುವ ಕ್ಲಚ್) ಬಿಡಿಸುತ್ತೆ, ಬಿಟ್ಟ ತಕ್ಷಣ ನಡುಕ ನಿಂತರೆ ಕನ್ವರ್ಟರ್, ನಿಲ್ಲದಿದ್ದರೆ ಇಂಜಿನ್ ಮಿಸ್‌ಫೈರ್. ನಾನೂ ಕನ್ವರ್ಟರ್ ಅಂದೆ. ಗೌಡರಿಗೆ 62,000 ಹೇಳಿ ಒಪ್ಪಿಸಿದೆ, ರೀಕಂಡಿಷನ್ ಮಾಡುವವರಿಗೆ 5,000 ಅಡ್ವಾನ್ಸೂ ಹಾಕಿಬಿಟ್ಟೆ.

ರಾತ್ರಿ ಊಟ ಆದಮೇಲೆ ಲಾಗ್ ನೋಡುತ್ತಾ ಕೂತೆ. ಏನೋ ಸರಿಹೋಗಲಿಲ್ಲ. ಕ್ಲಚ್ ಸವೆದ ಕನ್ವರ್ಟರ್ ಆದರೆ ಸ್ಲಿಪ್ ನಂಬರ್ 30, 90, 50, 120 ಅಂತ ಕುಣಿಯುತ್ತೆ, ಹಿಡಿಯಲಾರದೆ ಹಿಡಿಯುತ್ತೆ. ಇಲ್ಲಿ ಹಾಗಿಲ್ಲ. 5, 0, 8 ಇದ್ದದ್ದು ಒಂದೇ ಏಟಿಗೆ ಮುನ್ನೂರು ಚಿಲ್ಲರೆ, ಮತ್ತೆ ಸೊನ್ನೆ. ಇದು ಜಾರುತ್ತಿರುವ ಕೈಯಲ್ಲ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವ ಕೈ. ಎರಡನೇ ದಿನ ವೋಲ್ಟೇಜ್ ಸಾಲು ತೆಗೆದು ಅದರ ಜಾಗದಲ್ಲಿ ಲಾಕಪ್ ಡ್ಯೂಟಿ ಹಾಕಿಕೊಂಡು ಹೋದೆ. ಅಂದರೆ ಕಂಪ್ಯೂಟರ್ ಏನು ಆರ್ಡರ್ ಕೊಡುತ್ತಿದೆ ಅನ್ನೋದು. ನಡುಕ ಬಂದಾಗೆಲ್ಲ ಆರ್ಡರೇ ಸೊನ್ನೆಗೆ ಬೀಳುತ್ತಿತ್ತು! ಆಳಿನದ್ದು ತಪ್ಪಿಲ್ಲ, ಯಜಮಾನನೇ ಬಿಡು ಬಿಡು ಅನ್ನುತ್ತಿದ್ದಾನೆ. ಬ್ರೇಕ್ ತಾಗಿಸಿದಾಗ ಯಜಮಾನ ಪೂರ್ತಿ ಬಿಡಿಸುತ್ತಾನೆ, ನಡುಕ ನಿಲ್ಲುತ್ತೆ. ಬೆಂಗಳೂರಿನವರನ್ನೂ ನನ್ನನ್ನೂ ಮೋಸ ಮಾಡಿದ್ದು ಅದೇ ಟೆಸ್ಟು.

ಯಾಕೆ ಬಿಡಿಸುತ್ತಾನೆ? ನನ್ನ ಮೊದಲ ಅನುಮಾನ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ. ಹಿಂದೊಂದು ಗಾಡಿ 60ರಲ್ಲಿ ಸುಮ್ಮಸುಮ್ಮನೆ ಲಾಕಪ್ ಬಿಡುತ್ತಿತ್ತು. ಮೀಟರನ್ನು ಎ.ಸಿ. (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಟ್ಟಾಗ 0.8 ಬಂದಿತ್ತು, ಆ ಕರೆಂಟನ್ನು ಡಿ.ಸಿ. ಮಾಡುವ ಡಯೋಡ್ ಪ್ಲೇಟ್ ಹೋಗಿತ್ತು. ಒಳ್ಳೆಯದರಲ್ಲಿ 0.05 ಬಂದರೆ ಹೆಚ್ಚು. 1,800 ರೂಪಾಯಿಯಲ್ಲಿ ಗೇರ್‌ಬಾಕ್ಸ್ ‘ರಿಪೇರಿ’ ಆಗಿತ್ತು. ಆಮೇಲೆ ಕೆಟ್ಟ ಡಯೋಡ್ ಪ್ಲೇಟನ್ನು ಬೇಕೆಂದೇ ನನ್ನ ಸ್ವಂತ ಗಾಡಿಗೆ ಹಾಕಿ ಒಂದು ವಾರ ಓಡಿಸಿ ನೋಡಿದೆ, ಅದಕ್ಕೇನೂ ಆಗಲಿಲ್ಲ, ಬ್ಯಾಟರಿ ಮಾತ್ರ ಹಾಳಾಯಿತು. ಗೌಡರ ಗಾಡಿಯಲ್ಲಿ 0.03. ಆಲ್ಟರ್ನೇಟರ್ ಅಲ್ಲ.

ಮೂರನೇ ದಿನ ಹುಡುಗ ಬೈಕ್ ತಂದಿದ್ದ. ಮಾರನಹಳ್ಳಿಯಲ್ಲಿ ಅವನ ಅಕ್ಕನ ಮನೆ, ವಾಪಸ್ಸು ಅಲ್ಲೇ ಉಳಿಯುವ ಪ್ಲಾನು. ಲಾಗ್ ತಾನಾಗೇ ರೆಕಾರ್ಡ್ ಆಗಲಿ ಅಂತ ಬಿಟ್ಟು ನಾನೊಬ್ಬನೇ ಹತ್ತಿದೆ, ಅವನು ಹಿಂದೆ. ಇನ್ನೂ ಕತ್ತಲು. ಮೇಲೆ ಬಂದು ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಹೆಲ್ಮೆಟ್ ತೆಗೆಯುತ್ತಲೇ ಕೇಳಿದ:

‘ಅಣ್ಣ, ಏರಲ್ಲಿ ಯಾಕೆ ಅಷ್ಟೊಂದು ಸಲ ಬ್ರೇಕ್ ಹಿಡೀತಿದ್ರಿ?’

‘ನಾನೆಲ್ಲಿ ಬ್ರೇಕ್ ಹಿಡಿದೆ?’

‘ಲೈಟು ಮಿಣಮಿಣ ಅಂತಿತ್ತಲ್ಲಣ್ಣ, ಸೀರಿಯಲ್ ಸೆಟ್ ಥರ.’

ಟೀ ಅಲ್ಲೇ ಬಿಟ್ಟು ಡ್ರೈವರ್ ಡೋರ್ ತೆಗೆದು ನೆಲಕ್ಕೆ ತಲೆ ಕೊಟ್ಟೆ. ಮೊಬೈಲ್ ಟಾರ್ಚಲ್ಲಿ ಮ್ಯಾಟ್ ಮೇಲೆ ಹುರಿಗಡಲೆ ಸಿಪ್ಪೆಯಂಥ ನಾಲ್ಕೈದು ಹಳದಿ ಚೂರು. ಮೂರು ದಿನದಿಂದ ಅವುಗಳ ಮೇಲೇ ಕಾಲಿಟ್ಟುಕೊಂಡು ಓಡಿಸಿದ್ದೇನೆ. ಬ್ರೇಕ್ ಪೆಡಲ್ಲಿನ ತೋಳಿಗೆ ಒಂದು ಪ್ಲಾಸ್ಟಿಕ್ ಗುಂಡಿ ಕೂತಿರುತ್ತಲ್ಲ, ಬ್ರೇಕ್ ಸ್ವಿಚ್ಚಿನ ಕಡ್ಡಿ ಬಂದು ಒರಗುವ ಸ್ಟಾಪರ್, ಅದು ಅರ್ಧ ಪುಡಿಯಾಗಿತ್ತು. ಕೈಯಲ್ಲಿ ಮುಟ್ಟಿದರೆ ಹಳೇ ರಸ್ಕಿನ ಹಾಗೆ ಉದುರುತ್ತಿತ್ತು. ಪೂರ್ತಿ ಉದುರಿದ್ದರೆ ಬ್ರೇಕ್ ಲೈಟ್ ಸದಾ ಹತ್ತಿಕೊಂಡು ಯಾರಾದರೂ ಹೇಳುತ್ತಿದ್ದರು. ಅರ್ಧ ಉಳಿದದ್ದೇ ತೊಂದರೆ. ಏರಲ್ಲಿ ಲೋಡ್ ಬಿದ್ದು ಪೆಡಲ್ ಅದುರಿದಾಗ ಸ್ವಿಚ್ ಆನ್-ಆಫ್, ಅದನ್ನು ನೋಡಿ ಕಂಪ್ಯೂಟರ್ ಲಾಕಪ್ ಬಿಡಿಸು-ಹಿಡಿಸು. ಆಕ್ಸಿಲರೇಟರ್ ಒತ್ತದೆ ಒಂದೇ ಸ್ಪೀಡ್ ಹಿಡಿಯುವ ಕ್ರೂಸ್ ಕಂಟ್ರೋಲೂ ಬ್ರೇಕ್ ಸ್ವಿಚ್ ಆನ್ ಆದರೆ ಬಿಟ್ಟುಹೋಗುತ್ತೆ. ಗೌಡರಿಗೆ ಫೋನ್ ಮಾಡಿ ಕ್ರೂಸ್ ಕಂಟ್ರೋಲ್ ಹಾಕಿದರೆ ಹಿಡಿದು ನಿಲ್ಲುತ್ತಾ ಸಾರ್ ಅಂದೆ. ‘ಅದು ವರ್ಷದಿಂದ ನಿಲ್ತಿಲ್ಲ ಕಣಯ್ಯಾ, ಘಾಟೀಲಿ ಅದನ್ಯಾರು ಹಾಕ್ತಾರೆ ಅಂತ ಹೇಳಿರ್ಲಿಲ್ಲ’ ಅಂದರು.

ಹೊಸ ಸ್ಟಾಪರ್ 60 ರೂಪಾಯಿ. ಸ್ವಿಚ್ಚನ್ನೂ ಬದಲಾಯಿಸಿದೆ, 420 ಅನ್ನಿಸುತ್ತೆ. ಅದೇ ರಸ್ತೆ, ಅದೇ ಮರಳು ಮೂಟೆ: ಸ್ಲಿಪ್ 10 ದಾಟಲಿಲ್ಲ, ಮೊದಲು 116ಕ್ಕೆ ಹೋಗುತ್ತಿದ್ದ ಆಯಿಲ್ ಟೆಂಪರೇಚರ್ 97ರಲ್ಲಿ ನಿಂತಿತು. ಲಾಕಪ್ ಇಲ್ಲದ ಕನ್ವರ್ಟರ್ ಘಾಟಿಯಲ್ಲಿ ಒಲೆಯೇ. ಇನ್ನೊಂದು ವರ್ಷ ಹೀಗೇ ಓಡಿಸಿದ್ದರೆ ಬಾಕ್ಸ್ ನಿಜವಾಗಿಯೂ ಹೋಗುತ್ತಿತ್ತು, ಆಗ ಎಲ್ಲರ ಎಸ್ಟಿಮೇಟೂ ಸರಿಯಾಗುತ್ತಿತ್ತು. ನನ್ನ 5,000 ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ.

ಈಗ ಯಾವ ಗಾಡಿ ಬಂದರೂ ಆರ್ಡರ್ ಒಂದು ಸಾಲು, ಬಾಕ್ಸ್ ಮಾಡಿದ್ದು ಒಂದು ಸಾಲು, ಬ್ರೇಕ್ ಸ್ವಿಚ್ ಒಂದು ಸಾಲು. ಆರ್ಡರ್ ಇದ್ದೂ ಬಾಕ್ಸ್ ಕೇಳದಿದ್ದರೆ ಮಾತ್ರ ಪ್ಯಾನ್ ಬಿಚ್ಚುವ ಮಾತು. ಬಿಚ್ಚುವ ಮೊದಲು ಸೊಲೆನಾಯ್ಡನ್ನು ಗಾಡಿಯಲ್ಲಿದ್ದ ಹಾಗೇ ಬಿಸಿ ಮಾಡಿ ಓಮ್ಸ್ ಅಳೆಯೋಕೆ ನನ್ನದೊಂದು ದಾರಿ ಇದೆ. ತಣ್ಣಗಿದ್ದಾಗ ಸರಿ ತೋರಿಸುವುದು ಬಿಸಿಯಲ್ಲಿ ಕೈಕೊಡುತ್ತೆ. ಅದನ್ನಿಲ್ಲಿ ಬರೆಯಲ್ಲ, ಹೊಟ್ಟೆಪಾಡು. ಎಎಂಟಿ ಬೇರೆಯೇ ಜಾತಿ. 2014ರಲ್ಲಿ ಸೆಲೆರಿಯೊ ಬಂದಮೇಲೆ ನಮ್ಮ ಕಡೆ ಹೆಚ್ಚು ಬರುವುದು ಅದೇ. ಒಳಗಿರುವುದು ಮಾಮೂಲಿ ಮ್ಯಾನ್ಯುಯಲ್ ಬಾಕ್ಸು, ಕ್ಲಚ್ ತುಳಿದು ಗೇರ್ ಹಾಕೋಕೆ ಒಂದು ಯಂತ್ರ. ಅದಕ್ಕೆ ಈ ಸ್ಲಿಪ್ ಲೆಕ್ಕ ಹಾಕಬೇಡಿ.

ಬಿಲ್ಲಿಗೆ ಗೌಡರು ಬಂದಾಗ ಸಾಮಾನು 480, ಹುಡುಕಿದ ಕೂಲಿ ಮತ್ತು ಮೂರು ದಿನದ ಡೀಸೆಲ್ 6,500 ಅಂತ ಬರೆದಿಟ್ಟಿದ್ದೆ. ‘ಅರವತ್ತು ರೂಪಾಯಿ ಗುಂಡಿಗೆ ಆರೂವರೆ ಸಾವಿರವೇನಯ್ಯಾ?’ ಅಂದರು. ನಾನು ಮಾತಾಡಲಿಲ್ಲ, ಬೆಂಗಳೂರಿನ ಎಸ್ಟಿಮೇಟ್ ಪೇಪರನ್ನು ಬಿಲ್ ಪಕ್ಕಕ್ಕೆ ಇಟ್ಟೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿ, ಎಣಿಸಿ ಏಳು ಸಾವಿರ ಕೊಟ್ಟರು. ಆಮೇಲೆ ಆ ಹಳದಿ ಚೂರುಗಳನ್ನು ಕೇಳಿದರು. ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟೆ, ಬೆಂಗಳೂರಿಗೆ ಹೋದಾಗ ತೋರಿಸಬೇಕಂತೆ.