ಟೊಲುಯೀನ್ ಡ್ರಮ್ಮು, ಪ್ಲಾಸ್ಟಿಕ್ ಬಕೆಟ್ಟು ಮತ್ತು ಬೆಂಕಿ ಇಲ್ಲದ ನಾಲ್ಕು ಬೇಸಿಗೆ

ನಾಲ್ಕು ಬೇಸಿಗೆ ಕಳೆಯಿತು. ನಮ್ಮ ಗ್ರಾವ್ಯೂರ್ (ಕೆತ್ತಿದ ಸಿಲಿಂಡರಿನಿಂದ ಅಚ್ಚು ಹಾಕುವ) ಪ್ರಿಂಟಿಂಗ್ ಹಾಲಿನಲ್ಲಿ ಒಂದು ಸಲವೂ ಬೆಂಕಿ ಹತ್ತಿಲ್ಲ. ಮುಂಚೆ ಹಾಗಿರಲಿಲ್ಲ. ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗೆ ಎರಡೋ ಮೂರೋ ಸಲ ಯಾವುದಾದರೂ ಇಂಕ್ ಟ್ರೇ ಭುಗ್ ಅನ್ನುತ್ತಿತ್ತು. "ಗ್ರಾವ್ಯೂರ್ ಅಂದ್ರೆ ಹಾಗೇ ಸಾರ್, ಬೆಂಕಿ ಕಾಣದ ಪ್ರೆಸ್ ಯಾವುದಿದೆ?" ಅಂತ ಇಪ್ಪತ್ತು ವರ್ಷ ಅನುಭವ ಇದ್ದವರೇ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಹಟ ಹಿಡಿದೆ, ಗೆದ್ದೆ.

ನಮ್ಮದು ಪೀಣ್ಯದಲ್ಲಿ ಎಂಟು ಕಲರ್ ಮಷಿನ್. ಮಸಾಲೆ ಪುಡಿ, ಚಿಪ್ಸ್ ಪೌಚಿನ ಕೆಲಸ. ದಿನಕ್ಕೆ ಹೆಚ್ಚುಕಮ್ಮಿ ಒಂದು ಡ್ರಮ್ ಸಾಲ್ವೆಂಟ್, ಅಂದ್ರೆ ಇಂಕ್ ತೆಳು ಮಾಡುವ ದ್ರಾವಕ, ಬೇಕು. ಮುಂಚೆ ಅದು ಟೊಲುಯೀನ್ ಆಗಿತ್ತು.

ನನ್ನ ಕಣ್ಣು ತೆರೆಸಿದ್ದು ಒಂದು ಫೆಬ್ರವರಿ ಮಧ್ಯಾಹ್ನ. ಊಟ ಮುಗಿಸಿ ಬಂದ ಹುಡುಗ, ಕಾಲಲ್ಲಿ ಹವಾಯಿ ಚಪ್ಪಲಿ, ಕೈಲಿ ಪ್ಲಾಸ್ಟಿಕ್ ಬಕೆಟ್ಟು. ಮೂರನೇ ಯೂನಿಟ್ಟಿನ ಟ್ರೇಗೆ ಟೊಲುಯೀನ್ ಸುರಿಯಲು ಬಗ್ಗಿದ. ಬಕೆಟ್ಟು ಇನ್ನೂ ಟ್ರೇಗೆ ತಾಗಿರಲಿಲ್ಲ, ಕಿರುಬೆರಳು ತಾಗಿತು. ಚಟ್ ಅಂದಿದ್ದು ನನಗೂ ಕೇಳಿಸಿತು. ಮುಂದಿನ ಕ್ಷಣ ಟ್ರೇ ತುಂಬ ಹಳದಿ ಬೆಂಕಿ, ಮೇಲೆ ಕಪ್ಪು ಹೊಗೆ. ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಹೊಡೆದು ಆರಿಸಿದೆವು. ಅವನ ಮುಂಗೈ ಕೂದಲೆಲ್ಲ ಸುರುಟಿ, ಚರ್ಮದ ಮೇಲೆ ಗುಳ್ಳೆ ಎದ್ದಿತ್ತು. ಹತ್ತು ದಿನ ಕೆಲಸಕ್ಕೆ ಬರಲಿಲ್ಲ. ಅವನ ತಾಯಿ ಗೇಟಿನ ಹತ್ತಿರ ಬಂದು ಸುಮ್ನೆ ನಿಂತಿದ್ದರು. ಅದನ್ನು ಮರೆಯಲು ಆಗಿಲ್ಲ.

ಟೊಲುಯೀನ್ ಫ್ಲ್ಯಾಶ್ ಪಾಯಿಂಟ್ 4 ಡಿಗ್ರಿ, ಅಂದ್ರೆ ಅಷ್ಟು ತಂಪಿನಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತೆ. ಹೊತ್ತಿಕೊಳ್ಳಲು ಕಾಲು ಮಿಲಿಜೌಲ್ ಶಕ್ತಿಯ ಕಿಡಿ ಸಾಕು. ನಮ್ಮ ಮೈಯಲ್ಲಿ ಕೂಡಿದ ಸ್ಟ್ಯಾಟಿಕ್ ಚಾರ್ಜಿನಿಂದ (ಉಜ್ಜಾಟದಿಂದ ಹುಟ್ಟುವ ವಿದ್ಯುತ್ತು) ಹಾರುವ ಕಿಡಿ ನಮಗೇ ಗೊತ್ತಾಗುವಷ್ಟು ಇದ್ದರೆ, ಅದು ಅದಕ್ಕಿಂತ ಜಾಸ್ತಿಯೇ ಇರುತ್ತೆ. ಹಾಗಾಗಿ ನನ್ನ ಲೆಕ್ಕ ಸರಳ: ಡ್ರಮ್ಮು, ಪಂಪು, ಬಕೆಟ್ಟು, ಟ್ರೇ, ಮನುಷ್ಯ, ಎಲ್ಲರೂ ನೆಲಕ್ಕೆ ಇಳಿದ (ಅರ್ತ್ ಆದ) ಒಂದೇ ತಂತಿಯಲ್ಲಿ ಇರಬೇಕು, ಚಾರ್ಜ್ ಕೂಡದೆ ಇಳಿದುಹೋಗಲಿ ಅಂತ.

ಮೊದಲ ಸಲ ಪೂರ್ತಿ ಕೆಟ್ಟಿತು. ತಾಮ್ರದ ಪಟ್ಟಿ ಎಳೆಸಿ, ಕ್ಲ್ಯಾಂಪ್ ಹಾಕಿಸಿ ಸುಮಾರು 30 ಸಾವಿರ ಖರ್ಚು ಮಾಡಿದೆ. ಎರಡೇ ವಾರಕ್ಕೆ ಮತ್ತೆ ಬೆಂಕಿ. ಮಾಲೀಕರು ಮುಖ ತಿರುಗಿಸಿದರು. ಎಲೆಕ್ಟ್ರಿಷಿಯನ್ "ನಾನು ಆಗಲೇ ಹೇಳಿದ್ದೆ" ಅಂದ. ಭಾನುವಾರ ಒಬ್ಬನೇ ಮಲ್ಟಿಮೀಟರ್ ಹಿಡಿದು ಕೂತೆ. ಡ್ರಮ್ಮಿನ ಬಾಯಿ ತೆಗೆಯದೆ, ಡ್ರಮ್ಮಿಗೂ ಪಟ್ಟಿಗೂ ನಡುವೆ ಅಳೆದರೆ ಸಂಪರ್ಕವೇ ಇಲ್ಲ! ಕ್ಲ್ಯಾಂಪಿನ ಹಲ್ಲು ನೀಲಿ ಪೇಂಟಿನ ಮೇಲೆ ಸುಮ್ನೆ ಕೂತಿತ್ತು. ಬರೀ ಮೊಸಳೆ ಕ್ಲಿಪ್ಪು, ಅದಕ್ಕೆ ಪೇಂಟ್ ಕಚ್ಚುವ ಶಕ್ತಿ ಎಲ್ಲಿ? ಮೊನೆ ಇರುವ ಸ್ಕ್ರೂ ಕ್ಲ್ಯಾಂಪ್ ತಂದು ಅಂಚಿಗೆ ತಿರುಗಿಸಿದೆ, ಕರ್ ಅಂತ ಪೇಂಟ್ ಸೀಳಿತು, ಮೀಟರ್ 1 ಓಮ್‌ಗಿಂತ ಕೆಳಗೆ ಇಳಿಯಿತು. 10 ಓಮ್ ಒಳಗೆ ಇದ್ದರೆ ಮಾತ್ರ ಡ್ರಮ್ ತೆರೆಯಬೇಕು ಅಂತ ಅವತ್ತೇ ಗೋಡೆ ಮೇಲೆ ಬರೆಸಿದೆ. ಕ್ಲ್ಯಾಂಪ್ ಮೊದಲು, ಮುಚ್ಚಳ ಆಮೇಲೆ. ಮುಗಿಸುವಾಗ ಮುಚ್ಚಳ ಮೊದಲು, ಕ್ಲ್ಯಾಂಪ್ ಕೊನೆಗೆ.

ಪ್ಲಾಸ್ಟಿಕ್ ಬಕೆಟ್ಟೆಲ್ಲ ಗುಜರಿಗೆ ಹಾಕಿದೆ. ಸೀಮೆಎಣ್ಣೆ ಎತ್ತುವ ಪ್ಲಾಸ್ಟಿಕ್ ಪಂಪೂ ಹೋಯಿತು. ಸ್ಟೀಲ್ ಕ್ಯಾನು, ಕೈಯಲ್ಲಿ ತಿರುಗಿಸುವ ಲೋಹದ ಪಂಪು, ಒಳಗೆ ತಂತಿ ಇರುವ ಹೋಸ್ ಬಂದವು. ಹೋಸಿನ ತುದಿ ಕ್ಯಾನಿನ ತಳ ಮುಟ್ಟಬೇಕು. ತುದಿ ಮುಳುಗುವ ತನಕ ಮೆಲ್ಲಗೆ ತಿರುಗಿಸಬೇಕು. ಮೇಲಿಂದ ಧಾರೆ ಬಿಟ್ಟರೆ ಅಲ್ಲೇ ಚಾರ್ಜ್ ಏರುತ್ತೆ. "ಇಷ್ಟು ನಿಧಾನ ಆದ್ರೆ ಪ್ರೊಡಕ್ಷನ್ ಏನಾಗುತ್ತೆ?" ಅಂದರು. ವಾಚ್ ಹಿಡಿದು ನೋಡಿದೆ. ಕ್ಯಾನಿಗೆ ಒಂದೂವರೆ ನಿಮಿಷ ಜಾಸ್ತಿ, ಅಷ್ಟೇ.

ಮನುಷ್ಯನ ಕಡೆ ಬಂದರೆ ಬೂಟು. ಜೋಡಿಗೆ 1,500ರ ಆಸುಪಾಸು, ಮೈಯ ಚಾರ್ಜನ್ನು ನೆಲಕ್ಕೆ ಇಳಿಸುವ ಹದಿನಾಲ್ಕು ಜೋಡಿ ಆಂಟಿಸ್ಟ್ಯಾಟಿಕ್ ಬೂಟು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಹುಡುಗರಿಗೆ ಮತ್ತೆ ಚುಮುಚುಮು ಶಾಕ್. ಬೂಟು ತಿರುಗಿಸಿ ನೋಡಿದರೆ ಅಟ್ಟೆ ತುಂಬ ಒಣಗಿದ ಇಂಕು, ಕಡಲೆಮಿಠಾಯಿ ಥರ ಗಟ್ಟಿ. ಇನ್ನೊಂದು ತಪ್ಪು ನೆಲದಲ್ಲಿತ್ತು. ಹಿಂದಿನ ವರ್ಷವಷ್ಟೇ ಒಂದೂವರೆ ಲಕ್ಷ ಕೊಟ್ಟು ಎಪಾಕ್ಸಿ ಬಳಿಸಿದ್ದರು. ನೋಡಲು ಕನ್ನಡಿ, ಆದರೆ ಚಾರ್ಜ್ ಇಳಿಯಲು ದಾರಿಯೇ ಇಲ್ಲ. ಹಳೇ ಸಿಮೆಂಟ್ ನೆಲವೇ ವಾಸಿಯಿತ್ತು. ಎಲ್ಲ ಕೀಳಿಸಲು ದುಡ್ಡಿರಲಿಲ್ಲ. ಸುರಿಯುವ ಜಾಗಗಳಲ್ಲಿ ಮಾತ್ರ ಸ್ಟೇನ್‌ಲೆಸ್ ಶೀಟ್ ಹಾಸಿ ಅರ್ತ್ ಮಾಡಿದೆ. ಬಾಗಿಲಲ್ಲಿ ಬೂಟ್ ಟೆಸ್ಟರ್ ಇಟ್ಟೆ. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಬ್ರಷ್ ಹಿಡಿದು ಅಟ್ಟೆ ಉಜ್ಜಬೇಕು. ನಾನೂ ಉಜ್ಜುತ್ತೇನೆ.

ನಡುವೆ ಗೋಣಿಚೀಲ ನೆನೆಸಿ ಹಾಸಿ ಪ್ರಿಂಟಿಂಗ್ ಹಾಲಿನ ಗಾಳಿಯ ತೇವ ಏರಿಸಲು ನೋಡಿದೆ. ಸ್ಟ್ಯಾಟಿಕ್ ಕಮ್ಮಿ ಆಯಿತು, ಆದರೆ ಪ್ರಿಂಟ್ ಮಂಕಾಗಿ ಎರಡು ರೋಲ್ ಫಿಲ್ಮ್ ಹಾಳು. ಮೂರೇ ದಿನಕ್ಕೆ ಬಿಟ್ಟೆ.

ಫ್ಯಾನಿನ ವಿಷಯ ಮಾತ್ರ ಹೇಳಲೇಬೇಕು. ನಮ್ಮ ಎಕ್ಸಾಸ್ಟ್ ಎಲ್ಲ ಸೂರಿನ ಹತ್ತಿರ ಇತ್ತು. ಟೊಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಅದು ಪಾದದ ಹತ್ತಿರ ಹರಿಯುತ್ತೆ ಅಲ್ವಾ? ಬಾಡಿಗೆಗೆ ಗ್ಯಾಸ್ ಡಿಟೆಕ್ಟರ್ ತಂದೆ. ಆವಿ ಹೊತ್ತಿಕೊಳ್ಳಲು ಗಾಳಿಯಲ್ಲಿ ಇರಬೇಕಾದ ಕನಿಷ್ಠ ಪ್ರಮಾಣಕ್ಕೆ ಎಲ್‌ಇಎಲ್ ಅನ್ನುತ್ತಾರೆ. ಮೂಗಿನ ಎತ್ತರದಲ್ಲಿ ಎಲ್‌ಇಎಲ್‌ನ ಶೇ. 3-4, ಕಣಕಾಲಿನ ಹತ್ತಿರ ಶೇ. 25 ದಾಟಿತ್ತು. ಮಾಲೀಕರನ್ನೇ ಕರೆದು ಬಗ್ಗಿಸಿ ತೋರಿಸಿದೆ. ಮರುದಿನವೇ ಚೆಕ್ಕಿಗೆ ಸಹಿ ಹಾಕಿದರು. ನೆಲದಿಂದ ಒಂಬತ್ತು ಇಂಚಿಗೆ ಎರಡು ಫ್ಲೇಮ್‌ಪ್ರೂಫ್ ಮೋಟರಿನ (ಒಳಗಿನ ಬೆಂಕಿಯನ್ನು ಹೊರಗೆ ಬಿಡದ) ಫ್ಯಾನ್ ಕೂರಿಸಿದೆವು. ಈಗ ಕಾಲಬುಡದಲ್ಲೂ ಶೇ. 10 ಮುಟ್ಟಲ್ಲ.

ಟ್ರೇಗಳಿಗೆ ಅಲ್ಯೂಮಿನಿಯಂ ಮುಚ್ಚಳ ಮಾಡಿಸಿದ್ದೇ ದುಡ್ಡು ವಾಪಸ್ ತಂದುಕೊಟ್ಟಿದ್ದು. ಮುಂಚೆ ಸುಮ್ನೆ ಆವಿಯಾಗುತ್ತಿದ್ದ ಸಾಲ್ವೆಂಟ್‌ನಲ್ಲಿ ದಿನಕ್ಕೆ 12-13 ಲೀಟರ್ ಉಳಿಯಿತು. ಲೀಟರಿಗೆ 95 ಅಂತ ಹಿಡಿದರೂ ತಿಂಗಳಿಗೆ 30 ಸಾವಿರದ ಮೇಲೆ. ಒಟ್ಟು ಖರ್ಚು ಎರಡು ಮುಕ್ಕಾಲು ಲಕ್ಷದ ಹತ್ತಿರ. ಒಂಬತ್ತು ತಿಂಗಳಲ್ಲಿ ಲೆಕ್ಕ ಚುಕ್ತಾ. ಸಿಲಿಂಡರ್ ಮೇಲಿನ ಹೆಚ್ಚಿನ ಇಂಕು ಒರೆಸುವ ಡಾಕ್ಟರ್ ಬ್ಲೇಡಿಗೆ ಅಡ್ಡ ಬರದಂತೆ ಆ ಮುಚ್ಚಳವನ್ನು ಹೇಗೆ ಕತ್ತರಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೆ ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

2020ರಲ್ಲಿ ಆಹಾರ ಪ್ಯಾಕಿಂಗ್ ಇಂಕಿನ ಐಎಸ್ 15495 ಎಂಬ ಭಾರತೀಯ ಮಾನದಂಡ ತಿದ್ದುಪಡಿಯಾಗಿ ಟೊಲುಯೀನ್ ಬೇಡ ಅಂತಾಯಿತು. ನಾವೂ ಈಥೈಲ್ ಅಸಿಟೇಟ್ ಎಂಬ ಇನ್ನೊಂದು ಸಾಲ್ವೆಂಟಿನ ಮಿಶ್ರಣಕ್ಕೆ ಬಂದೆವು. ಅಳತೆ ನಮ್ಮದೇ, ಅದೂ ನಮ್ಮಲ್ಲೇ ಇರಲಿ. "ಇನ್ನು ಬೆಂಕಿ ಭಯ ಇಲ್ಲ" ಅಂತ ಕೆಲವರು ಪ್ಲಾಸ್ಟಿಕ್ ಬಕೆಟ್ಟಿಗೆ ಮರಳಿದ್ದನ್ನು ಕಂಡು ಹೊಟ್ಟೆ ಉರಿಯಿತು. ಇದರ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ! ಇದರಲ್ಲಿ ಚಾರ್ಜ್ ಸುಲಭವಾಗಿ ಹರಿಯುತ್ತೆ, ನಿಜ. ಅರ್ತ್ ಆದ ಲೋಹದ ಕ್ಯಾನಿನಲ್ಲಿ ಅದು ಒಳ್ಳೇದು. ಪ್ಲಾಸ್ಟಿಕ್ಕಿನಲ್ಲಿ ಇದ್ದರೆ ಅಷ್ಟೂ ಚಾರ್ಜ್ ಒಂದೇ ಕಿಡಿಯಾಗಿ ಹಾರುತ್ತೆ.

ಆಯುಧ ಪೂಜೆಗೆ ಮಷಿನ್ ಮುಂದೆ ಕರ್ಪೂರ ಹಚ್ಚೋದು ನಮ್ಮಲ್ಲೂ ಇತ್ತು. ಹಿಂದಿನ ಸಂಜೆ ಟ್ರೇ ಖಾಲಿ ಮಾಡಿದರೂ ನನಗೆ ಧೈರ್ಯ ಬರಲಿಲ್ಲ. ಈಗ ಮಷಿನ್‌ಗೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಆರತಿ, ಬೂದುಗುಂಬಳಕಾಯಿ ಗೇಟಿನ ಹೊರಗೆ. ಮೊದಲ ವರ್ಷ ಹಿರಿಯ ಆಪರೇಟರ್ ಒಬ್ಬರು ಬೇಜಾರು ಮಾಡಿಕೊಂಡಿದ್ದರು. ಈಗ ಆರತಿ ತಟ್ಟೆ ಹೊರಗೆ ಒಯ್ಯೋದು ಅವರೇ.

ಪ್ರಿಂಟಿಂಗ್ ಸಿಲಿಂಡರ್ ಒರೆಸಿ ಸಾಲ್ವೆಂಟ್ ಹೀರಿದ ಬಟ್ಟೆಯ ಕೆಲಸ ಇನ್ನೂ ಬಾಕಿ ಇದೆ. ಕಾಲಿನಲ್ಲಿ ಒತ್ತಿ ತೆರೆಯುವ ಮುಚ್ಚಳದ ಸ್ಟೀಲ್ ಡಬ್ಬ ತಂದಿಟ್ಟಿದ್ದೇನೆ. ನೈಟ್ ಶಿಫ್ಟ್‌ನವರು ಮುಚ್ಚಳ ಮುಚ್ಚಿಕೊಳ್ಳದಂತೆ ಮರದ ತುಂಡು ಸಿಕ್ಕಿಸಿಟ್ಟಿರುತ್ತಾರೆ. ಬೆಳಗ್ಗೆ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸ ಆ ತುಂಡು ತೆಗೆಯೋದು.