ಐಸಿಪಿಸಿ: ಮೂವರಿಗೂ ಕೀಬೋರ್ಡ್ ಒಂದೇ

ಐಸಿಪಿಸಿ ಎಂದರೆ ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ. ಇದರಲ್ಲಿ ತಂಡಕ್ಕೆ ಮೂವರು, ಮೂವರಿಗೂ ಸೇರಿ ಒಂದೇ ಕಂಪ್ಯೂಟರ್, ಅವಧಿ ಐದು ಗಂಟೆ. ಒಂದೇ ವಿದ್ಯಾಸಂಸ್ಥೆಯ ಮೂವರು ವಿದ್ಯಾರ್ಥಿಗಳು, ಜೊತೆಗೊಬ್ಬ ಕೋಚ್ ಇದ್ದರೆ ಹೆಸರು ನೋಂದಾಯಿಸಬಹುದು. ನಮ್ಮ ದೇಶದಲ್ಲಿ ಮೊದಲು ಆನ್‌ಲೈನ್ ಪ್ರಿಲಿಮ್ಸ್. ಅದು ದಾಟಿದರೆ ಅಮೃತಪುರಿ, ಕಾನ್ಪುರದಂಥ ಕಡೆ ರೀಜನಲ್, ಅಂದರೆ ಪ್ರಾದೇಶಿಕ ಸುತ್ತು.

ಅಭ್ಯಾಸದಲ್ಲೇ ಎಡವುವ ತಂಡಗಳು ಬಹಳ. ಹಾಸ್ಟೆಲಿನಲ್ಲಿ ಮೂವರೂ ಮೂರು ಲ್ಯಾಪ್‌ಟಾಪ್ ತೆರೆದು ಕೂತರೆ ಅದು ಐಸಿಪಿಸಿ ಅಭ್ಯಾಸವೇ ಅಲ್ಲ. ವಾರಕ್ಕೊಮ್ಮೆಯಾದರೂ ಹಳೆಯ ರೀಜನಲ್ ಪ್ರಶ್ನೆಗಳನ್ನು ಒಂದೇ ಯಂತ್ರದಲ್ಲಿ, ಐದು ಗಂಟೆ ಪೂರ್ತಿ ಬಿಡಿಸಿ. ಭಾಷೆ ಸಿ++ ಇರಲಿ. ದೊಡ್ಡ ಪೂರ್ಣಾಂಕ ಬಂದಾಗ ಮಾತ್ರ ಪೈಥಾನ್.

ಪ್ರಾಬ್ಲಮ್‌ಗಳು ಸುಲಭದಿಂದ ಕಷ್ಟಕ್ಕೆ ಜೋಡಿಸಿರುವುದಿಲ್ಲ. ಹಾಗಾಗಿ ಗಂಟೆ ಬಾರಿಸಿದ ಕೂಡಲೇ ಒಬ್ಬರು ಟೆಂಪ್ಲೇಟ್ (ಎಲ್ಲ ಪ್ರೋಗ್ರಾಂಗೂ ಬೇಕಾಗುವ ಆರಂಭದ ಕೋಡ್) ಟೈಪ್ ಮಾಡಲಿ, ಇನ್ನೊಬ್ಬರು ಮೊದಲಿನಿಂದ, ಮತ್ತೊಬ್ಬರು ಕೊನೆಯಿಂದ ಓದುತ್ತ ಬರಲಿ. ಆಗಾಗ ತಲೆಯೆತ್ತಿ ಹಾಲ್ ನೋಡಿ: ಒಂದೊಂದು ಪ್ರಾಬ್ಲಮ್‌ಗೆ ಒಂದೊಂದು ಬಣ್ಣದ ಬಲೂನ್, ಬಿಡಿಸಿದ ತಂಡದ ಮೇಜಿಗೆ ಕಟ್ಟುತ್ತಾರೆ. ಹಳದಿ ಹತ್ತು ಮೇಜಿನ ಮೇಲೆ ಹಾರುತ್ತಿದ್ದು ನಿಮ್ಮಲ್ಲಿಲ್ಲವೆಂದರೆ, ಸುಲಭದ್ದೇನೋ ಕೈತಪ್ಪಿದೆ.

ಯಾವ ವಿಧಾನ ಹೂಡಬೇಕೆಂದು ಪ್ರಾಬ್ಲಮ್‌ನಲ್ಲಿ ಕೊಟ್ಟಿರುವ ಮಿತಿಗಳೇ ಹೇಳುತ್ತವೆ. ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಕ್ರಿಯೆ ಎಂದಿಟ್ಟುಕೊಳ್ಳಿ. ಎನ್ (ಇನ್‌ಪುಟ್‌ನಲ್ಲಿರುವ ಸಂಖ್ಯೆಗಳ ಎಣಿಕೆ) 5,000 ಇದ್ದರೆ ಲೂಪಿನೊಳಗೆ ಲೂಪ್ ಸಾಕು: ಎರಡೂವರೆ ಕೋಟಿ. ಎನ್ 2 ಲಕ್ಷವಾದರೆ ಅದೇ ಕೋಡ್ 4,000 ಕೋಟಿಗೆ ಹೋಗುತ್ತದೆ. ಆಗ ಕಡಿಮೆ ಕ್ರಿಯೆಯಲ್ಲಿ ಮುಗಿಯುವ ಸಾರ್ಟಿಂಗ್, ಬೈನರಿ ಸರ್ಚ್, ಸೆಗ್ಮೆಂಟ್ ಟ್ರೀಯಂಥ ವಿಧಾನಗಳ ಕಡೆ ಯೋಚಿಸಿ.

ಹೆಚ್ಚು ಪ್ರಾಬ್ಲಮ್ ಬಿಡಿಸಿದವರು ಮೇಲೆ. ಸಮವಾದರೆ ಪೆನಾಲ್ಟಿ ಕಡಿಮೆಯಿರುವವರು. ಬಿಡಿಸಿದ ನಿಮಿಷಕ್ಕೆ ಪ್ರತಿ ತಪ್ಪು ಸಬ್‌ಮಿಷನ್‌ಗೂ ಇಪ್ಪತ್ತು ನಿಮಿಷ ಸೇರಿಸಿದ್ದೇ ಪೆನಾಲ್ಟಿ. 40ನೇ ನಿಮಿಷಕ್ಕೆ ಬಿಡಿಸಿದಿರಿ, ಅದಕ್ಕೆ ಮುಂಚೆ ಎರಡು ಸಲ ತಪ್ಪಿತ್ತು ಅಂದರೆ 40ಕ್ಕೆ ಎರಡು ಇಪ್ಪತ್ತು ಸೇರಿ 80. ಹಾಗಾಗಿ ಸಬ್‌ಮಿಟ್ ಒತ್ತುವ ಮುನ್ನ ಎರಡು ಜಾಗ ನೋಡಿ. ಒಂದು, ಓವರ್‌ಫ್ಲೋ: 2 ಲಕ್ಷ ಸಂಖ್ಯೆ, ಒಂದೊಂದೂ 100 ಕೋಟಿವರೆಗೆ ಎಂದರೆ ಮೊತ್ತ ಸಿ++ನ ಸಾಮಾನ್ಯ ಪೂರ್ಣಾಂಕ ಬಗೆಯಾದ ಇಂಟ್‌ನಲ್ಲಿ ಹಿಡಿಸುವುದಿಲ್ಲ, ಅದರ ಮಿತಿ 2,14,74,83,647. ಅದಕ್ಕಿಂತ ದೊಡ್ಡದಾದ ಲಾಂಗ್ ಲಾಂಗ್ ಬೇಕು. ಎರಡು, ಒಂದೇ ಇನ್‌ಪುಟ್‌ನಲ್ಲಿ ಹಲವು ಟೆಸ್ಟ್‌ಕೇಸ್: ಗ್ಲೋಬಲ್ ಅರೇಯಲ್ಲಿ (ಇಡೀ ಪ್ರೋಗ್ರಾಂ ಬಳಸುವ ಪಟ್ಟಿ) ಹಿಂದಿನ ಟೆಸ್ಟ್‌ನದನ್ನು ಅಳಿಸದಿದ್ದರೆ ರಾಂಗ್ ಆನ್ಸರ್, ಅಂದರೆ ಉತ್ತರ ತಪ್ಪೆಂಬ ತೀರ್ಪು. ಹಾಗಂತ ಪ್ರತಿ ಸಲ 2 ಲಕ್ಷ ಜಾಗವನ್ನೂ ಅಳಿಸಿದರೆ 10,000 ಟೆಸ್ಟ್‌ಗೆ 200 ಕೋಟಿ ಕೆಲಸ, ಟೈಮ್ ಲಿಮಿಟ್ ಮೀರುತ್ತದೆ. ಆ ಟೆಸ್ಟ್‌ನ ಎನ್ ಎಷ್ಟಿದೆಯೋ ಅಷ್ಟನ್ನೇ ಅಳಿಸಿ.

ರಾಂಗ್ ಆನ್ಸರ್ ಬಂದಾಗ ಪರದೆಯನ್ನೇ ದಿಟ್ಟಿಸುತ್ತ ಕೂರುವುದು ಎಲ್ಲಕ್ಕಿಂತ ದುಬಾರಿ ಚಟ. ಕೋಡ್ ಪ್ರಿಂಟ್ ಕೊಟ್ಟು ಕುರ್ಚಿ ಬಿಟ್ಟೇಳಿ; ತಪ್ಪನ್ನು ಪೆನ್ನು ಹಿಡಿದು ಕಾಗದದ ಮೇಲೆ ಹುಡುಕಿ, ಅಷ್ಟರಲ್ಲಿ ಇನ್ನೊಬ್ಬರು ಟೈಪ್ ಮಾಡಲಿ. ಹಾಳೆಯ ಮೇಲೆ ಲಾಜಿಕ್ ಪೂರ್ತಿಯಾಗದವರು ಕೀಬೋರ್ಡ್ ಮುಟ್ಟಕೂಡದು.

ಕೊನೆಯ ಒಂದು ಗಂಟೆ ಸ್ಕೋರ್‌ಬೋರ್ಡ್ ಫ್ರೀಜ್ ಆಗುತ್ತದೆ, ಬೇರೆ ತಂಡಗಳ ಹೊಸ ಫಲಿತಾಂಶ ಕಾಣದು. ಅರ್ಧಂಬರ್ಧ ಆಗಿರುವ ಎರಡಿದ್ದರೆ ಒಂದನ್ನು ಕೈಬಿಟ್ಟು ಮೂವರೂ ಇನ್ನೊಂದಕ್ಕೆ ಕೂರಿ. ಬಿಡಿಸದೇ ಉಳಿದ ಪ್ರಾಬ್ಲಮ್‌ನ ತಪ್ಪು ಸಬ್‌ಮಿಷನ್‌ಗಳಿಗೆ ಪೆನಾಲ್ಟಿ ಇಲ್ಲ. ಆದ್ದರಿಂದ ಕಡೆಯ ಐದು ನಿಮಿಷದಲ್ಲಿ ಅನುಮಾನವಿದ್ದರೂ ಕಳಿಸಿಬಿಡಿ.