ಬಾಟಲಿಯ ಬಿಯರ್‌ಗೆ ಗ್ಯಾಸ್ ಬರದಿದ್ದಾಗ

ಚಿಕಾಗೋದ ಜನವರಿ ಚಳಿ. ಗೆಳೆಯರ ಜೊತೆ ಮಾಡಿದ 19 ಲೀಟರ್ ಪೇಲ್ ಏಲ್ (ಒಂದು ಬಗೆಯ ಬಿಯರ್) ಬಾಟಲಿಗೆ ತುಂಬಿ ಮೂರು ವಾರವಾದರೂ, ಮುಚ್ಚಳ ತೆಗೆದರೆ ಸದ್ದೇ ಇಲ್ಲ. ನೊರೆಯಿಲ್ಲ, ಕುಡಿದರೆ ಸಿಹಿ.

ಇನ್ನೊಂದು ವಾರ ಸುಮ್ನೆ ಕಾದೆವು. ಮುಚ್ಚಳಗಳನ್ನು ಮತ್ತೆ ಒತ್ತಿದೆವು. ಎರಡು ಬಾಟಲಿಗೆ ಜಾಸ್ತಿ ಸಕ್ಕರೆ ಹಾಕಿದೆವು, ಸಿಹಿಯಷ್ಟೇ ಹೆಚ್ಚಿತು. ಅದನ್ನು ಮಾಡಲೇಬೇಡಿ, ಆಮೇಲೆ ಬಾಟಲಿ ಸಿಡಿಯಬಹುದು. ಆ ಎರಡನ್ನೂ ಚೆಲ್ಲಿದೆವು.

ತೊಂದರೆ ಇದ್ದದ್ದು ಇಟ್ಟ ಜಾಗದಲ್ಲಿ. ನೆಲಮಾಳಿಗೆ ಬರೀ 11 ಡಿಗ್ರಿ ಸೆಲ್ಸಿಯಸ್! ಸಕ್ಕರೆ ತಿಂದು ಗ್ಯಾಸ್ ಮಾಡಬೇಕಾದ ಏಲ್ ಯೀಸ್ಟ್ ಆ ಚಳಿಗೆ ತಳದಲ್ಲಿ ಬಿಳಿ ಪದರವಾಗಿ ಮಲಗಿತ್ತು. ಮೊದಲು ಒಂದೊಂದೇ ಬಾಟಲಿಯನ್ನು ತಲೆಕೆಳಗೆ ಮಾಡಿ, ಆ ಪದರ ಮೋಡದ ಹಾಗೆ ಏಳುವವರೆಗೆ ಮೆಲ್ಲಗೆ ತಿರುಗಿಸಿದೆವು. ಆಮೇಲೆ ಮುಚ್ಚಿದ ಡಬ್ಬದಲ್ಲಿಟ್ಟು, 21 ಡಿಗ್ರಿಯ ಕೋಣೆಯಲ್ಲಿ 14 ದಿನ. ಕೊನೆಗೆ ಎರಡು ದಿನ ಫ್ರಿಜ್. ಸಕ್ಕರೆ ಬಾಟಲಿಗೆ ತುಂಬುವಾಗ ಹಾಕಿದ್ದೇ, ಒಟ್ಟು 120 ಗ್ರಾಂ ಕಾರ್ನ್ ಶುಗರ್ (ಜೋಳದ ಸಕ್ಕರೆ). ತೆರೆದರೆ ಚುಸ್ ಎಂದಿತು, ಎರಡು ಬೆರಳು ನೊರೆ.